ಬೀದಿಯಿಂದ ಗೇಟಿನೊಳಕ್ಕೆ ಬಂದ ದೆವ್ವಗಳು

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನ ‘ಮ್ಯಾಜಿಕ್ ಕಿಂಗ್‌ಡಮ್’ ಉದ್ಯಾನದಲ್ಲಿ ಹ್ಯಾಲೋವೀನ್ ಕಾಲದ ಕೆಲವು ಸಂಜೆಗಳಲ್ಲಿ ಏಳು ಗಂಟೆಗೆ ಜನರ ಅದಲುಬದಲು ನಡೆಯುತ್ತದೆ. ಹಗಲಿನ ಟಿಕೆಟಿನವರು ಮನೆಗೆ ಹೊರಡುತ್ತಾರೆ. ರಾತ್ರಿಯ ಪ್ರತ್ಯೇಕ ಟಿಕೆಟ್ ಕೊಂಡವರು ಉಳಿಯುತ್ತಾರೆ. ಅಪ್ಪ ಕಡಲ್ಗಳ್ಳ, ಅಮ್ಮ ಮಾಟಗಾತಿ, ಕಂಕುಳಲ್ಲಿರುವ ಕೂಸು ಸಿಹಿಗುಂಬಳ. ಬೇರೆ ದಿನಗಳಲ್ಲಿ ಹದಿನಾಲ್ಕು ದಾಟಿದವರು ಇಲ್ಲಿ ವೇಷ ಹಾಕುವಂತಿಲ್ಲ. ಈ ರಾತ್ರಿಗಳಲ್ಲಿ ಮಾತ್ರ ಉಂಟು. ಮಕ್ಕಳ ಕೈಗೊಂದು ಚೀಲ. ಅಲ್ಲಲ್ಲಿ ನಿಂತ ನೌಕರರು ಅದರೊಳಗೆ ಬೊಗಸೆ ಬೊಗಸೆ ಮಿಠಾಯಿ ಸುರಿಯುತ್ತಾರೆ. ಮೆರವಣಿಗೆಗೆ ಮುಂಚೆ ದೀಪಗಳು ಮಂಕಾಗಿ, ತಲೆಯಿಲ್ಲದ ಸವಾರನೊಬ್ಬ ಕುದುರೆಯೇರಿ ಬರುತ್ತಾನೆ. ಮಕ್ಕಳು ಅಪ್ಪನ ಕಾಲನ್ನು ತಬ್ಬಿಕೊಳ್ಳುವಷ್ಟು ಹೆದರಿಕೆ, ಅಳುವಷ್ಟಲ್ಲ. ಈ ಕೂಟದ ಹೆಸರಿನಲ್ಲೇ ಆ ಭರವಸೆಯಿದೆ: ‘ಮಿಕ್ಕೀಸ್ ನಾಟ್ ಸೋ ಸ್ಕೇರಿ’, ಅಂದರೆ ಮಿಕ್ಕಿಯದು ಅಷ್ಟೇನೂ ಭಯಂಕರವಲ್ಲ!

1995ರಲ್ಲಿ ಇದು ಶುರುವಾದಾಗ ಅಕ್ಟೋಬರ್ 31ರ ಒಂದೇ ರಾತ್ರಿಯ ಸಂಭ್ರಮ. ಈಗ ಆಗಸ್ಟಿನಲ್ಲೇ ಆರಂಭವಾಗಿ ಹತ್ತಾರು ರಾತ್ರಿ ನಡೆಯುತ್ತದೆ. ಒಬ್ಬರ ಟಿಕೆಟ್ಟು ನೂರು ಡಾಲರ್ ಮೀರಿದೆ. ನೆರೆಮನೆಯ ಬಾಗಿಲು ತಟ್ಟಿದರೆ ಪುಕ್ಕಟೆ ಸಿಗುತ್ತಿದ್ದ ಮಿಠಾಯಿಗೆ ಜನ ಇಷ್ಟು ಹಣ ತೆರುವುದೇಕೆ? ಇದಕ್ಕೆ ಉತ್ತರ ಹುಡುಕಹೊರಟರೆ ಮನರಂಜನೆಯ ಚರಿತ್ರೆಯ ಜೊತೆಗೆ ಒಂದು ಗಾಳಿಸುದ್ದಿಯ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಹಬ್ಬದ ಬೇರು ಐರ್ಲೆಂಡಿನ ಕಡೆಯದು. ಅಲ್ಲಿನ ಹಳೆಯ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಆಚರಿಸುತ್ತಿದ್ದ ಹಬ್ಬದ ಹೆಸರನ್ನು ಹೆಚ್ಚುಕಡಿಮೆ ‘ಸಾವಿನ್’ ಎಂದು ಉಚ್ಚರಿಸುತ್ತಾರೆ. ನಮ್ಮ ಸಾವಿಗೂ ಆ ಪದಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ‘ಬೇಸಿಗೆಯ ಕೊನೆ’ ಎಂಬುದು ಅದಕ್ಕೆ ರೂಢಿಯಲ್ಲಿ ಹೇಳುವ ಅರ್ಥ. ಆದರೆ ಆ ರಾತ್ರಿ ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಅಲ್ಲಿ ಇದ್ದೇ ಇತ್ತು. ಮುಂದೆ ಕ್ರೈಸ್ತ ಸಭೆ ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಆಚರಿಸತೊಡಗಿತು. ಅದರ ಹಿಂದಿನ ಸಂಜೆಯೇ ‘ಹ್ಯಾಲೋವೀನ್’. ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಹುಡುಗರು ವೇಷ ತೊಟ್ಟು ಮನೆಮನೆಗೆ ಹೋಗಿ ಹಾಡಿ ತಿನಿಸು ಪಡೆಯುತ್ತಿದ್ದರು. ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪವಿಡುತ್ತಿದ್ದರು. 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಂದಾಗ ಲಕ್ಷಗಟ್ಟಲೆ ಐರಿಷರು ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಹಬ್ಬವೂ ಅವರ ಬೆನ್ನಿಗೆ ಬಂತು. ಅಲ್ಲಿ ಟರ್ನಿಪ್ಪಿಗಿಂತ ದೊಡ್ಡದಾದ, ಕೊರೆಯಲು ಸುಲಭವಾದ ಸಿಹಿಗುಂಬಳ ಹೇರಳವಾಗಿತ್ತು.

ಅಮೆರಿಕದಲ್ಲಿ ಅದು ಮೊದಮೊದಲು ಕೀಟಲೆಯ ರಾತ್ರಿ. ಗೇಟು ಕಿತ್ತು ಹೊತ್ತೊಯ್ಯುವುದು, ಗಾಡಿಯನ್ನು ಚಾವಣಿಗೇರಿಸುವುದು, ದನಗಳನ್ನು ಊರೊಳಗೆ ಬಿಡುವುದು. ಕಾಮನ ಹುಣ್ಣಿಮೆಗೆ ಕಟ್ಟಿಗೆ, ಕುಳ್ಳು ಕದ್ದ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿನೆಸೋಟ ರಾಜ್ಯದ ಅನೋಕ ಎಂಬ ಪಟ್ಟಣ ಹುಡುಗರ ಹಾವಳಿ ತಾಳಲಾರದೆ 1920ರಲ್ಲಿ ಒಂದು ಉಪಾಯ ಹೂಡಿತು: ಊರವರೇ ಮೆರವಣಿಗೆ ಏರ್ಪಡಿಸಿ ಹುಡುಗರನ್ನು ಅದರೊಳಗೆ ಸೇರಿಸಿಕೊಂಡರು. ‘ತಿನಿಸು ಕೊಡಿ, ಇಲ್ಲವೇ ಕೀಟಲೆ ಮಾಡುತ್ತೇವೆ’ ಎಂದು ಬಾಗಿಲು ತಟ್ಟುವ ಪದ್ಧತಿ ಹಬ್ಬಿದ್ದೂ ಆ ಸುಮಾರಿಗೇ. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಕೊನೆಗೊಂಡದ್ದೇ ತಡ, ಹೊಸದಾಗಿ ಎದ್ದ ಬಡಾವಣೆಗಳಲ್ಲಿ ಅದು ಮಕ್ಕಳ ದೊಡ್ಡ ಹಬ್ಬವಾಯಿತು. ಗುರುತಿಲ್ಲದ ಮನೆಯ ಮುಂದೆ ನಿಂತು ಚೀಲ ಒಡ್ಡುವುದಕ್ಕೆ ಯಾರೂ ಅಂಜುತ್ತಿರಲಿಲ್ಲ.

ಉದ್ಯಾನಗಳ ಕಥೆ ಆರಂಭವಾಗುವುದು ಕ್ಯಾಲಿಫೋರ್ನಿಯದ ಒಂದು ಹಣ್ಣಿನ ತೋಟದಲ್ಲಿ. ಬ್ಯೂನ ಪಾರ್ಕ್‌ನಲ್ಲಿ ವಾಲ್ಟರ್ ನಾಟ್ ಎಂಬ ರೈತ ಬೆರ್ರಿ ಹಣ್ಣು ಬೆಳೆದು ಮಾರುತ್ತಿದ್ದ. 1934ರಲ್ಲಿ ಅವನ ಹೆಂಡತಿ ಕಾರ್ಡೀಲಿಯ ಕೋಳಿ ಹುರಿದು ಊಟಕ್ಕೆ ಬಡಿಸತೊಡಗಿದಳು. ಜನ ಗಂಟೆಗಟ್ಟಲೆ ಸಾಲು ನಿಲ್ಲುವಂತಾಯಿತು. ಕಾಯುವವರಿಗೆ ಬೇಸರವಾಗದಿರಲೆಂದು ನಾಟ್ 1940ರಲ್ಲಿ ಪಾಳುಬಿದ್ದ ಗಣಿ ಊರೊಂದರ ಮಾದರಿಯಲ್ಲಿ ‘ಭೂತ ಪಟ್ಟಣ’ ಕಟ್ಟಲಾರಂಭಿಸಿದ. ಕೋಳಿ ಊಟದ ಸಾಲಿನಿಂದ ಥೀಮ್ ಪಾರ್ಕ್ ಹುಟ್ಟಿದ್ದು ಹೀಗೆ! 1973ರ ಅಕ್ಟೋಬರಿನಲ್ಲಿ ಆ ಪಟ್ಟಣದಲ್ಲಿ ಮೂರು ರಾತ್ರಿ ಪಿಶಾಚಿ ವೇಷದವರನ್ನು ಬಿಟ್ಟು ನೋಡಿದರು. ಜನ ಮುಗಿಬಿದ್ದರು. ಇಂದಿಗೂ ‘ನಾಟ್ಸ್ ಸ್ಕೇರಿ ಫಾರ್ಮ್’ ನಡೆಯುತ್ತಿದೆ. ಫ್ಲಾರಿಡಾದ ಯೂನಿವರ್ಸಲ್ ಸ್ಟುಡಿಯೋಸ್ 1991ರಲ್ಲಿ ಇದೇ ಜಾಡು ಹಿಡಿಯಿತು. ಇವೆರಡೂ ಮುಖ್ಯವಾಗಿ ಹರೆಯದವರಿಗಾಗಿ ಇದ್ದವು. ಚಿಕ್ಕ ಮಕ್ಕಳ ಅಪ್ಪ-ಅಮ್ಮಂದಿರು ಟಿಕೆಟ್ ಕೊಂಡು ಹೆದರಲು ಹೋಗುವ ಕಾಲ ಇನ್ನೂ ಬಂದಿರಲಿಲ್ಲ.

ಅದನ್ನು ತಂದದ್ದು ಬೇರೊಂದು ಹೆದರಿಕೆ. ಅಪರಿಚಿತರು ಸೇಬಿನಲ್ಲಿ ಬ್ಲೇಡು, ಮಿಠಾಯಿಯಲ್ಲಿ ವಿಷ ಸೇರಿಸುತ್ತಾರೆ ಎಂಬ ಮಾತು 1960ರ ದಶಕದ ಕೊನೆಯಿಂದ ಬಾಯಿಂದ ಬಾಯಿಗೆ ಹಬ್ಬಿತ್ತು. 1974ರಲ್ಲಿ ಟೆಕ್ಸಾಸ್‌ನ ಎಂಟು ವರ್ಷದ ಹುಡುಗನೊಬ್ಬ ಹ್ಯಾಲೋವೀನ್ ರಾತ್ರಿ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತ. ವಿಷ ಬೆರೆಸಿದ್ದು ಯಾವ ನೆರೆಮನೆಯವನೂ ಅಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಹೆತ್ತ ತಂದೆ. ಅಪರಾಧ ರುಜುವಾತಾಗಿ ಅವನಿಗೆ ಮರಣದಂಡನೆಯೂ ಆಯಿತು. ಆದರೂ ಜನರ ಮನಸ್ಸಿನಲ್ಲಿ ಉಳಿದದ್ದು ‘ವಿಷದ ಮಿಠಾಯಿ’ ಎಂಬುದಷ್ಟೇ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಟೈಲನಾಲ್ ಎಂಬ ನೋವಿನ ಮಾತ್ರೆಗೆ ಸಯನೈಡ್ ತುಂಬಿದರು. ಏಳು ಮಂದಿ ಸತ್ತರು. ಹಬ್ಬಕ್ಕೆ ಒಂದೇ ತಿಂಗಳಿತ್ತು. ಕೆಲವು ಊರುಗಳು ಮನೆಮನೆ ತಿರುಗುವುದನ್ನೇ ನಿಷೇಧಿಸಿದವು. ಮಕ್ಕಳು ತಂದ ಚೀಲಗಳನ್ನು ಆಸ್ಪತ್ರೆಗಳಲ್ಲಿ ಎಕ್ಸ್-ರೇ ಹಿಡಿದು ನೋಡುವ ಕಾಲ ಬಂತು.

ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿ 1985ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹ್ಯಾಲೋವೀನ್ ರಾತ್ರಿ ಅಪರಿಚಿತರು ಕೊಟ್ಟ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಆ ರಾತ್ರಿಯ ನಿಜವಾದ ಅಪಾಯ ರಸ್ತೆಯಲ್ಲಿದೆ. 42 ವರ್ಷಗಳ ಅಪಘಾತಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಹ್ಯಾಲೋವೀನ್ ಸಂಜೆ ಶೇ. 43ರಷ್ಟು ಹೆಚ್ಚು ಎಂದು ಲೆಕ್ಕ ಹಾಕಿತು. ಇಲ್ಲದ ವಿಷಕ್ಕೆ ಅಂಜಿದಷ್ಟು ಎದುರಿಗೆ ಬರುವ ಕಾರಿಗೆ ಜನ ಅಂಜಲಿಲ್ಲ. ನಾವೇನೂ ನಗುವಂತಿಲ್ಲ. ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಬೆಂಗಳೂರು ನಮ್ಮದೇ.

ಡಿಸ್ನಿಯವರ ರಾತ್ರಿ ಕೂಟವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಲ್ಲಿ ಮಿಠಾಯಿ ಕೊಡುವವರಿಗೆ ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ, ಪ್ರತಿ ಮಿಠಾಯಿಗೂ ಕಾರ್ಖಾನೆಯ ಹೊದಿಕೆ, ರಸ್ತೆಯಲ್ಲಿ ಕಾರಿಲ್ಲ, ಗೇಟಿನಲ್ಲಿ ಚೀಲದ ತಪಾಸಣೆ, ಹದಿನಾಲ್ಕು ದಾಟಿದವರಿಗೆ ಮುಖವಾಡ ನಿಷಿದ್ಧ. ಮಕ್ಕಳನ್ನು ಕತ್ತಲಲ್ಲಿ ಬಿಡಲು ಹೆದರುವ ತಂದೆತಾಯಿಗೆ ಇದಕ್ಕಿಂತ ನೆಮ್ಮದಿ ಬೇರೆಲ್ಲಿ? ವರ್ಷವಿಡೀ ದುಡಿದ ಕುಟುಂಬವೊಂದು ಅಲ್ಲಿ ಒಂದು ರಾತ್ರಿ ಒಟ್ಟಿಗೆ ಕುಣಿದು ನಕ್ಕು ಬಂದರೆ ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಟಿಕೆಟ್ ಕೊಂಡ ಮಾತ್ರಕ್ಕೆ ಅಪಾಯ ತಪ್ಪಿತು ಎನ್ನಲೂ ಬಾರದು. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ‘ಹಾಂಟೆಡ್ ಕ್ಯಾಸಲ್’ ಎಂಬ ಭೂತದ ಕೋಟೆಗೆ ಬೆಂಕಿ ಬಿತ್ತು. ಲಾರಿಯ ಟ್ರೇಲರುಗಳನ್ನು ಜೋಡಿಸಿ ಮಾಡಿದ ಕತ್ತಲ ಓಣಿಗಳು, ನೀರು ಚಿಮ್ಮಿಸುವ ವ್ಯವಸ್ಥೆಯಿಲ್ಲ. ಎಂಟು ಮಂದಿ ಹದಿಹರೆಯದವರು ಹೊರಬರಲಾರದೆ ಸತ್ತರು. ಇಂಥ ಭೂತದ ಮನೆಗಳಿಗೆ ಅಗ್ನಿಸುರಕ್ಷೆಯ ಕಟ್ಟುನಿಟ್ಟಿನ ನಿಯಮಗಳು ಬಂದದ್ದು ಅದರ ನಂತರವೇ.

ಹಾಗೆಂದು ಬೀದಿಯ ಹಬ್ಬ ಅಳಿದಿಲ್ಲ. ಇಂದಿಗೂ ಅಮೆರಿಕದ ಬಡಾವಣೆಗಳಲ್ಲಿ ಬರೆಯದ ಕರಾರೊಂದಿದೆ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು. ಆರಿಸಿದ್ದರೆ ಮುಂದಿನ ಮನೆಗೆ ಹೋಗಬೇಕು. 2024ರಲ್ಲಿ ನರಕ ಚತುರ್ದಶಿ ಬಿದ್ದದ್ದು ಅಕ್ಟೋಬರ್ 31ರಂದೇ. ಅಲ್ಲಿನ ಕನ್ನಡಿಗರು ಯಾರಾದರೂ ಆ ಸಂಜೆ ಹೊಸ್ತಿಲಲ್ಲಿ ಹಣತೆ ಹಚ್ಚಿಟ್ಟಿದ್ದರೆ, ಬೀದಿಯಲ್ಲಿ ಹೊರಟ ಪುಟ್ಟ ಪಿಶಾಚಿಗಳ ಲೆಕ್ಕದಲ್ಲಿ ಅದು ‘ಒಳಗೆ ಬನ್ನಿ’ ಎಂದೇ ಆಗುತ್ತಿತ್ತು.