ಇಲ್ಲಣ ಹೋಯಿತು, ಹಂಡೆಯೂ ಹೋಯಿತು

ಯುಗಾದಿಯ ಹಿಂದಿನ ರವಿವಾರ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಕೆಲಸ ಒಂದೇ. ಮಾಳಾದ ಮೇಲಿನ ಡಬ್ಬಿ-ಡಬರಿ ಕೆಳಗಿಳಿಯುತ್ತವೆ, ಫ್ಯಾನಿನ ರೆಕ್ಕೆ ಒರೆಸಿಕೊಳ್ಳುತ್ತವೆ, ಹಳೇ ಪೇಪರು ರದ್ದಿಗೆ ಹೋಗುತ್ತದೆ. ಊಟಕ್ಕೆ ಅನ್ನ, ಸಾರು, ಹಪ್ಪಳ. ಮಧ್ಯಾಹ್ನದೊಳಗೆ ಎಲ್ಲ ಮುಗಿದು ಒಂದು ನಿದ್ದೆಯೂ ಆಗುತ್ತದೆ! ಇದೇ ಕೆಲಸಕ್ಕೆ ನಮ್ಮ ಅಜ್ಜಿಯರಿಗೆ ಎಂಟು ದಿನ ಬೇಕಾಗುತ್ತಿತ್ತು. ಮನೆ ದೊಡ್ಡದಿತ್ತು ಎನ್ನುವುದು ಅರ್ಧ ಮಾತ್ರ ನಿಜ. ದೊಡ್ಡ ಕಾರಣ ಒಲೆ.

'ಇಲ್ಲಣ' ಎಂಬ ಶಬ್ದ ನಿಮಗೆ ನೆನಪಿದೆಯೇ? ಜೇಡರ ಬಲೆಗೆ ಹೊಗೆಯ ಮಸಿ ಹತ್ತಿ, ತೊಲೆಗಳಿಂದ ಕರಿ ದಾರದಂತೆ ಜೋತಾಡುವುದು. ನಮ್ಮ ಧಾರವಾಡ ಕಡೆಯ ಹಳೆಯ ಅಡಿಗೆಮನೆಗಳಿಗೆ ಹೊಗೆ ಹೋಗಲು ಇದ್ದ ದಾರಿ ಒಂದು ಬೆಳಕಿಂಡಿ. ವರ್ಷವಿಡೀ ಕಟ್ಟಿಗೆ, ಕುಳ್ಳು ಉರಿಸಿದ ಹೊಗೆ ಗೋಡೆಯಲ್ಲಿ, ಸೂರಿನಲ್ಲಿ, ಪಾತ್ರೆಯಲ್ಲಿ ಕೂತಿರುತ್ತಿತ್ತು. ಹಬ್ಬದ ಸ್ವಚ್ಛತೆ ಎಂದರೆ ಬಹುಮಟ್ಟಿಗೆ ಈ ಮಸಿ ತೆಗೆಯುವುದೇ. ಇಲ್ಲಣ ಹೊಡೆದು, ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಹಿತ್ತಾಳೆ-ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕು. ಒಲೆಯ ಮೇಲಿಡುವ ಮೊದಲು ಪಾತ್ರೆಯ ತಳಕ್ಕೆ ಮಣ್ಣೋ ಬೂದಿಯೋ ಬಳಿಯುವ ಪದ್ಧತಿಯೂ ಇತ್ತು. ಮಸಿ ಮಣ್ಣಿಗೆ ಹತ್ತಲಿ, ಪಾತ್ರೆಗೆ ಬೇಡ ಎಂದು.

ಪಾತ್ರೆಯ ಒಳಗಿನ ಕಥೆ ಬೇರೆ. ಹುಳಿ ತಾಗಿದರೆ ಹಿತ್ತಾಳೆ-ತಾಮ್ರ ಕಿಲುಬು ಬಿಡುತ್ತವೆ. ಅದಕ್ಕೇ ಕಲಾಯಿ. ಕಲಾಯಿಯವನು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಿಂದ ಒಂದು ಸುತ್ತು ತಿರುಗಿಸಿದರೆ ಒಳಗೆಲ್ಲ ಬೆಳ್ಳಿ! ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು, ಹಾಗಾಗಿ ಒಂದು ತಿದಿ, ಒಂದಿಷ್ಟು ಇದ್ದಿಲಿನಲ್ಲಿ ಬೀದಿಯಲ್ಲೇ ಕೆಲಸ ನಡೆಯುತ್ತಿತ್ತು.

ಇನ್ನು ಮುಂಬಯಿಗೆ ಬರೋಣ. ಈ ಊರಿನಲ್ಲಿ ಮನೆ ತೊಳೆಯುವ ಕೆಲಸವನ್ನು ಒಮ್ಮೆ ಸರಕಾರವೇ ಮಾಡಿದೆ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು ಮನೆ ಹೊಕ್ಕು ಕಾರ್ಬಾಲಿಕ್ ಆಸಿಡ್ ಹೊಡೆಸಿದರು, ಸುಣ್ಣ ಬಳಿಸಿದರು, ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಗಾಳಿ-ಬೆಳಕಿಗೆಂದು ರಸ್ತೆ ಅಗಲ ಮಾಡಿತು, ಚಾಳುಗಳನ್ನು ಕಟ್ಟಿತು. 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಶಿವಡಿಗಳಲ್ಲಿ ಬಿ.ಡಿ.ಡಿ. ಚಾಳುಗಳು ಎದ್ದವು. ಒಂದು ಖೋಲಿ ಎಂದರೆ ಸುಮಾರು 160 ಚದರಡಿ.

ಹೊರಗಿನ ಗಾಳಿಯ ಬಗ್ಗೆ ಇಷ್ಟೆಲ್ಲ ಯೋಚನೆ ನಡೆಯಿತು. ಖೋಲಿಯ ಒಳಗೆ ಉರಿಯುವ ಶೇಗಡಿಯ ಹೊಗೆಯನ್ನು ಮಾತ್ರ ಅದರ ಮುಂದೆ ಕೂತವಳೇ ಕುಡಿಯಬೇಕಾಯಿತು. ಗ್ಯಾಲರಿಯಲ್ಲಿ ಶೇಗಡಿ ಹೊತ್ತಿಸಿ, ಕೆಂಡವಾದ ಮೇಲೆ ಒಳಗೆ ತರುವುದೊಂದೇ ಉಪಾಯ. ಒಂಟಿ ಗಂಡಸರಿಗೆ ಖಾನಾವಳಿಗಳಿದ್ದವು. ಮಾಟುಂಗಾದ ರಾಮ ನಾಯಕರ ಉಡುಪಿ ಬೋರ್ಡಿಂಗ್ 1942ರದು. ಆದರೆ ಸಂಸಾರ ಊರಿನಿಂದ ಬಂದ ಮೇಲೆ ಮನೆ ಊಟ, ಅದರ ಜೊತೆಗೇ ಮನೆಯ ಹೊಗೆ.

ಆಮೇಲೆ ಸೀಮೆಎಣ್ಣೆಯ ಕಾಲ. ಪಂಪ್ ಹೊಡೆಯುವ ಪ್ರೈಮಸ್ ಸ್ಟೋವ್ ಹುಟ್ಟಿದ್ದು 1892ರಲ್ಲಿ, ಸ್ವೀಡನ್ನಿನಲ್ಲಿ. ನಮ್ಮ ಚಾಳುಗಳಲ್ಲಿ ಬೆಳಗಿನ ಅಲಾರಾಂ ಅದರ ಭರ್ರ್ ಸದ್ದೇ! ಮಸಿ ಕಡಿಮೆಯಾಯಿತು, ರೇಷನ್ ಅಂಗಡಿಯ ಕ್ಯೂ ಹೆಚ್ಚಾಯಿತು. ಇನ್ನೊಂದನ್ನೂ ಹೇಳಲೇಬೇಕು. 'ಸ್ಟೋವ್ ಸಿಡಿದು ಸೊಸೆ ಸಾವು' ಎಂಬ ಸುದ್ದಿಯ ಹಿಂದೆ ಎಷ್ಟೋ ಸಲ ಇದ್ದದ್ದು ಸ್ಟೋವ್ ಅಲ್ಲ. 1986ರಲ್ಲಿ ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವೆಂದು ಕಾನೂನಿಗೆ ಸೇರಿಸಬೇಕಾಗಿ ಬಂತು.

ಅಡಿಗೆ ಗ್ಯಾಸನ್ನು ಬರ್ಮಾ ಶೆಲ್ ಕಂಪನಿ 1950ರ ದಶಕದ ನಡುವಿನಲ್ಲೇ ತಂದಿತ್ತು. ಇಂಡೇನ್ 1965ರಲ್ಲಿ ಬಂತು. ಆದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು ತೊಂಬತ್ತರ ದಶಕದವರೆಗೂ ಇತ್ತು. ಪಾರ್ಲಿಮೆಂಟ್ ಸದಸ್ಯರ ಕೈಯಲ್ಲಿ ಗ್ಯಾಸ್ ಕೂಪನ್ನಿನ ಕೋಟಾ ಇದ್ದ ಕಾಲ ಅದು. ನಮ್ಮಂಥ ವರ್ಗಾವಣೆಯ ಬ್ಯಾಂಕಿನವರು ಊರು ಬಿಡುವಾಗ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಪಡೆದ ವೋಚರನ್ನು ಎಫ್.ಡಿ. ರಸೀದಿಯ ಜೊತೆಗೇ ಇಟ್ಟುಕೊಳ್ಳುತ್ತಿದ್ದರು. ಎರಡಕ್ಕೂ ಒಂದೇ ಮರ್ಯಾದೆ!

ಗ್ಯಾಸ್ ಬಂದು ಇಲ್ಲಣ ಹೋಯಿತು. ಬೂದಿ ಹೋಯಿತು, ತಿಕ್ಕಲು ಪುಡಿ ಬಂತು. ಕಲಾಯಿ ಬೇಡದ ಸ್ಟೀಲು ಬಂದ ಮೇಲೆ ಕಲಾಯಿಯವನೂ ಹೋದ. ಹಳೇ ಬಟ್ಟೆ ಕೊಟ್ಟು ಭಾಂಡೀವಾಲಿಯೊಡನೆ ಚೌಕಾಸಿ ಮಾಡಿ ಪಡೆದ ಸ್ಟೀಲ್ ಡಬ್ಬಿ ಇಲ್ಲದ ಮನೆ ಮುಂಬಯಿಯಲ್ಲಿ ಅಪರೂಪ. ಪ್ರೆಸ್ಟೀಜ್, ಹಾಕಿನ್ಸ್ ಕುಕ್ಕರುಗಳು ಎರಡೂ 1959ರವು. ಆದರೆ ಯುಗಾದಿಯ ದಿನ ಕುಕ್ಕರಿಗೆ ಅನೇಕ ಮನೆಗಳಲ್ಲಿ ಇಂದಿಗೂ ರಜೆ. ಕಡಲೆಬೇಳೆ ಬೆರಳಿಗೆ ಹಿಚುಕುವಷ್ಟು ಬೇಯಬೇಕು, ಕರಗಬಾರದು. ಅಂದರೇ ಕಟ್ಟು ತಿಳಿಯಾಗಿ ಬಸಿಯುವುದು, ಹೂರಣ ಗಟ್ಟಿಯಾಗುವುದು. ತೆರೆದ ತಪ್ಪಲೆಯೇ ಆಗಬೇಕು. ಪಕ್ಕದ ಮರಾಠಿ ಮನೆಯಲ್ಲೂ ಅದೇ ದಿನ ಪಾಡವಾ, ಪುರಣಪೋಳಿ, ಕಟಾಚಿ ಆಮಟಿ. ನಮ್ಮ ಹೋಳಿಗೆ, ಕಟ್ಟಿನ ಸಾರಿನ ಅಕ್ಕ-ತಂಗಿಯರೇ.

ಹಿತ್ತಾಳೆಯ ಹಂಡೆ ಈಗ ಗಿಡ ನೆಡುವ ಕುಂಡವಾಗಿದೆ, ಇಲ್ಲವೇ ತೂಕದ ಲೆಕ್ಕದಲ್ಲಿ ಮಾರಾಟವಾಗಿದೆ. "ಹಿಂದಿನ ಅಡಿಗೆಯ ರುಚಿ ಈಗೆಲ್ಲಿ" ಎಂದು ನಾವು ಗಂಡಸರು ಸುಲಭವಾಗಿ ಹೇಳಿಬಿಡುತ್ತೇವೆ. ಆ ರುಚಿಯ ಲೆಡ್ಜರಿನಲ್ಲಿ ಇನ್ನೊಂದು ಕಾಲಂ ಇದೆ. ಕೆಂಪಾದ ಕಣ್ಣು, ನಿಲ್ಲದ ಕೆಮ್ಮು, ಎಂಟು ದಿನದ ಸೊಂಟನೋವು ಅದರಲ್ಲಿ ಖರ್ಚಿನ ಬಾಬತ್ತು. ಜಮೆ ನಮ್ಮ ಖಾತೆಗೆ, ಖರ್ಚು ಅವರ ಖಾತೆಗೆ. ನಗರದ ಮನೆಗಳಿಂದ ಹೊಗೆ ಹೋಗಿ ಒಂದು ತಲೆಮಾರು ದಾಟಿತು. ಬಡ ಹೆಣ್ಣುಮಕ್ಕಳ ಹೆಸರಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾದದ್ದು 2016ರಲ್ಲಿ. ಸಿಲಿಂಡರ್ ತುಂಬಿಸುವ ದುಡ್ಡು ಹೊಂದದ ಎಷ್ಟೋ ಹಳ್ಳಿಮನೆಗಳಲ್ಲಿ ಕಟ್ಟಿಗೆ ಒಲೆ ಇನ್ನೂ ಆರಿಲ್ಲ.

ಈ ಸಲ ಮಾಳಾದಿಂದ ಹಳೇ ತಪ್ಪಲೆ ಸಿಕ್ಕರೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡಿ. ಹಲವು ತಪ್ಪಲೆಗಳ ತಳದಲ್ಲಿ ಮಸಿಯ ಕಲೆ ಇನ್ನೂ ಇರುತ್ತದೆ. ಅದನ್ನು ತಿಕ್ಕಿದ ಕೈ ಯಾರದೆಂದು ಮನೆಯ ಹಿರಿಯರನ್ನು ಕೇಳಿ, ಮಕ್ಕಳಿಗೂ ಹೇಳಿ.