ಕೈ ಕುದುರುವ ಕಾಲ: ಮೈಸೂರಿನ ಉದ್ಯೋಗಶಿಕ್ಷಣದ ಸಮೀಕ್ಷೆ

ಹೊಸದಾಗಿ ಕೆಲಸಕ್ಕೆ ಸೇರಿದ ತರುಣರನ್ನು ಪಳಗಿಸುವ ವಿದ್ಯೆ ಮೈಸೂರಿಗೆ ಸಾಫ್ಟ್‌ವೇರ್ ಉದ್ಯಮದೊಡನೆಯೇ ಬಂದಿತೆಂದೂ, ಅದಕ್ಕೆ ಮುಂಚೆ ಇಲ್ಲಿದ್ದುದು ಅರಮನೆ, ದಸರಾ ಮತ್ತು ನಿವೃತ್ತರ ವಿಶ್ರಾಂತಿ ಮಾತ್ರವೆಂದೂ ಈಚೆಗೆ ಸಭೆಗಳಲ್ಲಿ ನಿಸ್ಸಂಕೋಚವಾಗಿ ಹೇಳುವುದುಂಟು. ಆಯುಷ್ಯದ ಬಹುಭಾಗವನ್ನು ಕಾರ್ಯಾಗಾರಗಳಲ್ಲಿ ಕಲಿಯುತ್ತಲೂ ಕಲಿಸುತ್ತಲೂ ಕಳೆದ ನನಗೆ ಈ ಮಾತು ಚರಿತ್ರೆಗೆ ಮಾಡಿದ ಅನ್ಯಾಯವಾಗಿ ತೋರುತ್ತದೆ. ಅದರಿಂದ ಇಂದಿನ ತರುಣರಿಗೆ ಆಗುವ ನಷ್ಟ ಇನ್ನೂ ದೊಡ್ಡದು.

ಆರಂಭಕಾಲವನ್ನು ಸಂಕ್ಷೇಪವಾಗಿ ಹೇಳಬಹುದು. ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗುವ ಮೊದಲು ಕಲಿತುದು ಇಲ್ಲಿಯ ಕೈಗಾರಿಕಾ ಶಾಲೆಯಲ್ಲಿ. 1906ರಲ್ಲಿ ಶಂಕುಸ್ಥಾಪನೆಗೊಂಡ ಸಯ್ಯಾಜಿರಾವ್ ರಸ್ತೆಯ ಕಟ್ಟಡದಲ್ಲಿ 1913ರಿಂದ ನಡೆದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಪರಂಪರೆಯ ಕುಶಲವಿದ್ಯೆಗೆ ಪಾಠಕ್ರಮದ ರೂಪ ಕೊಟ್ಟಿತು. ಆಡಳಿತದಲ್ಲಿಯೂ ಇದೇ ಕ್ರಮವಿತ್ತು: 1914ರಲ್ಲಿ ಸಾಹಿತಿ ಮಾಸ್ತಿಯವರು ಸೇರಿದ ಮೈಸೂರು ಸಿವಿಲ್ ಸರ್ವೀಸಿನಲ್ಲಿ ಪರೀಕ್ಷೆಯಲ್ಲಿ ಗೆದ್ದವರೂ ಮೊದಲು ಪ್ರೊಬೇಷನರುಗಳಾಗಿ ಕೆಲಸ ಕಲಿಯಬೇಕಾಗಿತ್ತು.

ಆದರೆ ಈ ಕ್ಷೇತ್ರಕ್ಕೆ ಶಾಸನದ ಬಲ ಬಂದುದು 1961ರ ಅಪ್ರೆಂಟಿಸ್ ಕಾಯಿದೆಯಿಂದ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ಲುಗಳ ತಯಾರಿಕೆ ಆರಂಭವಾದುದೂ ಅದೇ ವರ್ಷ. ನಮ್ಮ ತಲೆಮಾರಿನ ಫಿಟ್ಟರ್‌ಗೆ ಮೊದಲ ಪಾಠ ಉಕ್ಕಿನ ಒಂದು ತುಂಡು ಮತ್ತು ಒಂದು ಅರ. ತುಂಡನ್ನು ವೈಸಿನಲ್ಲಿ ಬಿಗಿದು ದಿನಗಟ್ಟಲೆ ಉಜ್ಜಿ, ಮೂಲೆಮಟ್ಟವಿಟ್ಟು ಬೆಳಕಿಗೆ ಹಿಡಿದಾಗ, ನಡುವೆ ಎಳೆಯಷ್ಟು ಬೆಳಕು ಸೋರಿದರೂ ಮೇಸ್ತ್ರಿಯು ಮಾತಾಡದೆ ಅದನ್ನು ಹಿಂದಿರುಗಿಸುತ್ತಿದ್ದನು. ಆ ಮೌನದಿಂದ ನಾವು ಕಲಿತುದು ಲೋಹದ ಗುಣವನ್ನು ಮಾತ್ರವಲ್ಲ. ನಮ್ಮ ತಪ್ಪನ್ನು ಪರರು ತೋರಿಸುವ ಮೊದಲೇ ನಾವು ಕಾಣುವ ಅಭ್ಯಾಸವನ್ನೂ, ಕೆಳದರ್ಜೆಯ ಕೆಲಸವನ್ನು ಕೈಯಿಂದ ಬಿಡಲು ನಾಚುವ ಸ್ವಭಾವವನ್ನೂ ಕಲಿತೆವು. ಈಗ ವ್ಯಕ್ತಿತ್ವ ವಿಕಸನವೆಂದು ಎರಡು ದಿನಗಳ ಶಿಬಿರದಲ್ಲಿ ಬೋಧಿಸುವ ಗುಣಗಳು ಅಂದು ವೈಸಿನ ಮುಂದೆಯೇ ಬೆಳೆಯುತ್ತಿದ್ದುವು. ಯಂತ್ರಗಳು ಬದಲಾದರೂ, 1996ರಲ್ಲಿ ಯಾದವಗಿರಿಯ ಆ ಕಾರ್ಖಾನೆಯೇ ಮುಚ್ಚಿಹೋದರೂ, ಆ ಗುಣಗಳು ಕಲಿತವರ ಕೈಬಿಡಲಿಲ್ಲ. 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಈ ಕಾಯಿದೆಯೊಳಗೆ ತಂದಿತು. ಅದು ಒಳ್ಳೆಯ ಹೆಜ್ಜೆಯೇ ಸರಿ, ಆದರೆ ಅವರಿಗೆ ಗೊತ್ತುಮಾಡಿದ ಒಂದು ವರ್ಷ ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ 2005ರಲ್ಲಿ ಆರಂಭಗೊಂಡು 2009ರಲ್ಲಿ ವಿಸ್ತಾರಗೊಂಡ ಶಿಕ್ಷಣಕೇಂದ್ರವು ಏಕಕಾಲಕ್ಕೆ 10,000ಕ್ಕೂ ಮಿಕ್ಕ ಹೊಸಬರಿಗೆ ವಸತಿ ಸಹಿತ ಶಿಕ್ಷಣ ಕೊಡಬಲ್ಲುದು; ಸಂಬಳ ಸಹಿತ ಕಲಿಕೆಯ ಅಂಥ ದೊಡ್ಡ ಏರ್ಪಾಡನ್ನು ಯಾರೂ ಲಘುವಾಗಿ ಕಾಣಲಾಗದು. ಆದರೆ ಅಲ್ಲಿಂದ ಬೇರೆ ಬೇರೆ ಊರುಗಳಿಗೆ ಹೊರಟ ತರುಣನಿಗೆ ಮುಂದಿನ ಎರಡು ವರ್ಷ ಯಾರು ಜೊತೆಗಿರುವರೆಂಬುದೇ ಅವನ ಕಸುಬನ್ನು ನಿರ್ಣಯಿಸುತ್ತದೆ. 2015ರ ಕೌಶಲ ವಿಕಾಸ ಯೋಜನೆಯ ಕೆಲವು ನೂರು ಗಂಟೆಗಳ ಪಾಠಗಳನ್ನು ಕುರಿತಂತೂ ಈ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾದುದು.

ಈ ಚರಿತ್ರೆಯಲ್ಲಿ ಕಾಣದವರು ಇಬ್ಬರು. ಒಬ್ಬಳು, ನಮ್ಮ ವೈಸುಗಳ ಸಾಲಿಗೆ ಬಹುಕಾಲ ಬರಗೊಡದ ಹೆಣ್ಣುಮಗಳು, ಇನ್ನೊಬ್ಬನು ಮೇಸ್ತ್ರಿ. ಕಲಿಸಲು ಅರ್ಹನಾದವನು ಇರಬೇಕೆಂದು ಕಾಯಿದೆ ವಿಧಿಸಿತು; ಅವನ ಸ್ವಂತ ಕೆಲಸದ ಹೊರೆ ಅದಕ್ಕಾಗಿ ಎಷ್ಟು ಇಳಿಯಬೇಕೆಂಬುದು ಯಜಮಾನನ ಔದಾರ್ಯಕ್ಕೆ ಉಳಿಯಿತು. 2016ರ ಯೋಜನೆಯಂತೆ ಸರಕಾರವು ಅಪ್ರೆಂಟಿಸಿನ ಭತ್ಯದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗಳ ಮಿತಿಯೊಳಗೆ, ತಾನು ಭರಿಸಲೊಪ್ಪಿತು. ಅದೇ ನ್ಯಾಯವನ್ನು ಹಿರಿಯ ಕೆಲಸಗಾರನು ಕಲಿಸಲು ನಿಂತ ಗಂಟೆಗಳಿಗೂ ಅನ್ವಯಿಸಬೇಕು. ಒಬ್ಬನನ್ನೂ ಯಂತ್ರದಿಂದ ಬಿಡಿಸಲಾಗದ ಹೆಬ್ಬಾಳ, ಮೇಟಗಳ್ಳಿಗಳ ಸಣ್ಣ ಘಟಕಗಳಿಂದಲೇ ಅದನ್ನು ಆರಂಭಿಸಬೇಕು.