ದಯಾನಂದ ಬಾಂದೋಡ್ಕರ್: ಗಣಿ ಉದ್ಯಮದಿಂದ ಗೋವಾದ ಪ್ರಥಮ ಮುಖ್ಯಮಂತ್ರಿ ಪಟ್ಟದವರೆಗೆ

ಪಣಜಿ: ಪಣಜಿಯಿಂದ ಮಿರಾಮಾರ್ ಕಡೆಗೆ ಮಾಂಡೋವಿ ನದಿಯ ದಂಡೆಯಲ್ಲಿ ಸಾಗುವ ರಸ್ತೆಗೆ ದಯಾನಂದ ಬಾಂದೋಡ್ಕರ್ ಮಾರ್ಗ ಎಂದು ಹೆಸರು. ಮಿರಾಮಾರ್ ಕಡಲತೀರದಲ್ಲಿ ಅವರ ಸಮಾಧಿಯೂ ಇದೆ. ಗೋವಾಕ್ಕೆ ಪ್ರವಾಸ ಹೋಗುವ ಕರಾವಳಿ ಮತ್ತು ಉತ್ತರ ಕರ್ನಾಟಕದ ಸಾವಿರಾರು ಮಂದಿ ಈ ಹೆಸರನ್ನು ಫಲಕದಲ್ಲಿ ಓದಿರುತ್ತಾರೆ. ಆದರೆ ಈ ವ್ಯಕ್ತಿಯ ರಾಜಕೀಯ ಗುರಿ ಈಡೇರಿದ್ದರೆ ಗೋವಾ ಎಂಬ ರಾಜ್ಯವೇ ಇರುತ್ತಿರಲಿಲ್ಲ, ಕಾರವಾರದ ಉತ್ತರದ ಗಡಿಯಾಚೆ ಮಹಾರಾಷ್ಟ್ರ ಇರುತ್ತಿತ್ತು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಶ್ರೀಮಂತ ಗಣಿ ಮಾಲೀಕರಾಗಿದ್ದ ಬಾಂದೋಡ್ಕರ್ ಬಡ ಗೇಣಿದಾರರ ನಾಯಕರಾಗಿ ಅಧಿಕಾರಕ್ಕೆ ಬಂದರು. ಗೋವಾವನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸುವುದೇ ಅವರ ಪಕ್ಷದ ಮುಖ್ಯ ಧ್ಯೇಯವಾಗಿತ್ತು. ಆ ಧ್ಯೇಯವನ್ನು ಗೋವಾದ ಜನ ಮತ ಹಾಕಿ ತಿರಸ್ಕರಿಸಿದರು. ಅದೇ ಜನ ಮೂರು ತಿಂಗಳು ಕಳೆಯುವ ಮುನ್ನವೇ ಅವರನ್ನು ಮತ್ತೆ ಮುಖ್ಯಮಂತ್ರಿ ಮಾಡಿದರು. ಈ ವಿಚಿತ್ರ ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಅವರ ಬದುಕನ್ನೂ ಅಂದಿನ ಗೋವಾವನ್ನೂ ಒಟ್ಟಿಗೆ ನೋಡಬೇಕು.

ಪೆಡ್ನೆಯಿಂದ ಗಣಿಗಳವರೆಗೆ

ದಯಾನಂದ ಬಾಳಕೃಷ್ಣ ಬಾಂದೋಡ್ಕರ್ ಅವರು 1911ರ ಮಾರ್ಚ್ 12ರಂದು ಗೋವಾದ ಉತ್ತರ ತುದಿಯ ಪೆಡ್ನೆಯಲ್ಲಿ ಜನಿಸಿದರು. ಇಂಗ್ಲಿಷಿನಲ್ಲಿ ಪೆರ್ನೆಂ ಎಂದು ಬರೆಯುವ ಈ ತಾಲೂಕು ಸಾವಂತವಾಡಿಯ ಗಡಿಗೆ ಅಂಟಿಕೊಂಡಿದೆ. ಗೋಮಂತಕ ಮರಾಠಾ ಸಮಾಜಕ್ಕೆ ಸೇರಿದ ಅವರು ಮೇಲ್ಜಾತಿಯ ಭೂಮಾಲೀಕ ಮನೆತನದಿಂದ ಬಂದವರಲ್ಲ. ವ್ಯಾಪಾರದಲ್ಲಿ ತೊಡಗಿ, ಮುಂದೆ ಕಬ್ಬಿಣದ ಅದಿರಿನ ಗಣಿಗಾರಿಕೆಯಲ್ಲಿ ದೊಡ್ಡ ಸಂಪತ್ತು ಗಳಿಸಿದರು.

ಎರಡನೇ ಮಹಾಯುದ್ಧದ ನಂತರ ಗೋವಾದ ಗಣಿಗಳಿಗೆ ಒಳ್ಳೆಯ ಕಾಲ ಬಂದಿತ್ತು. ಪೋರ್ಚುಗೀಸ್ ಸರ್ಕಾರ ಗಣಿ ಪ್ರದೇಶಗಳನ್ನು ಶಾಶ್ವತ ಹಕ್ಕಿನ ಮೇಲೆ ಖಾಸಗಿಯವರಿಗೆ ನೀಡುತ್ತಿತ್ತು. ಒಳನಾಡಿನ ಗುಡ್ಡಗಳಲ್ಲಿ ಅಗೆದ ಅದಿರು ಲಾರಿಯಲ್ಲಿ ನದಿ ದಂಡೆಗೆ ಬಂದು, ಬಾರ್ಜುಗಳಲ್ಲಿ ಮಾಂಡೋವಿ ಮತ್ತು ಜುವಾರಿ ನದಿಗಳ ಮೂಲಕ ಮುರ್ಮುಗಾಂವ್ ಬಂದರು ಸೇರಿ, ಅಲ್ಲಿಂದ ಹಡಗೇರುತ್ತಿತ್ತು. ಯುದ್ಧದಲ್ಲಿ ನೆಲಕಚ್ಚಿದ್ದ ಜಪಾನ್ ತನ್ನ ಉಕ್ಕಿನ ಕಾರ್ಖಾನೆಗಳನ್ನು ಮತ್ತೆ ಕಟ್ಟುತ್ತಿದ್ದುದರಿಂದ ಗೋವಾದ ಅದಿರಿಗೆ ಬೇಡಿಕೆ ಹೆಚ್ಚಿತು. ಡೆಂಪೊ, ಚೌಗುಲೆ, ಸಾಳಗಾಂವಕರ್, ತಿಂಬ್ಲೊ ಮೊದಲಾದ ಉದ್ಯಮಿ ಮನೆತನಗಳು ಬೆಳೆದದ್ದು ಇದೇ ಕಾಲದಲ್ಲಿ.

ಬಾಂದೋಡ್ಕರ್ ಅವರು ಗಳಿಸಿದ್ದರಲ್ಲಿ ಧಾರಾಳವಾಗಿ ದಾನ ಮಾಡುತ್ತಿದ್ದರು. ಶಿಕ್ಷಣ, ಕಲೆ ಮತ್ತು ಕ್ರೀಡೆಗೆ ಅವರ ನೆರವು ಹರಿಯುತ್ತಿತ್ತು. ಜನ ಅವರನ್ನು ಪ್ರೀತಿಯಿಂದ 'ಭಾವೂಸಾಹೇಬ್' ಎಂದು ಕರೆಯತೊಡಗಿದರು. ರಾಜಕೀಯಕ್ಕೆ ಬರುವ ಮೊದಲೇ ಹಳ್ಳಿಗಳಲ್ಲಿ ಅವರ ಹೆಸರು ಪರಿಚಿತವಾಗಿತ್ತು.

ಪಕ್ಷದ ಉದಯ

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸ್ ಆಳ್ವಿಕೆಯಿಂದ ವಿಮೋಚನೆಗೊಂಡಿತು. ಗೋವಾ, ದಮನ್ ಮತ್ತು ದಿಯು ಒಂದು ಕೇಂದ್ರಾಡಳಿತ ಪ್ರದೇಶವಾಯಿತು. ಮೊದಲ ಚುನಾವಣೆ ಹತ್ತಿರ ಬಂದಂತೆ ಎರಡು ಪ್ರಾದೇಶಿಕ ಪಕ್ಷಗಳು ಹುಟ್ಟಿಕೊಂಡವು. ಮಹಾರಾಷ್ಟ್ರದಲ್ಲಿ ವಿಲೀನ ಬಯಸಿದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷಕ್ಕೆ ಬಾಂದೋಡ್ಕರ್ ನಾಯಕರು. ಗೋವಾ ಪ್ರತ್ಯೇಕವಾಗಿ ಉಳಿಯಬೇಕೆಂದ ಯುನೈಟೆಡ್ ಗೋವನ್ಸ್ ಪಕ್ಷಕ್ಕೆ ಡಾ. ಜಾಕ್ ಡಿ ಸಿಕ್ವೇರಾ ನಾಯಕರು.

ಈ ಎರಡು ಪಕ್ಷಗಳ ಹಿಂದೆ ಎರಡು ಗೋವಾಗಳಿದ್ದವು. ತಿಸ್ವಾಡಿ, ಬಾರ್ದೇಶ್, ಸಾಷ್ಟಿ ಪ್ರದೇಶಗಳು 16ನೇ ಶತಮಾನದಿಂದಲೇ ಪೋರ್ಚುಗೀಸರ ಕೈಯಲ್ಲಿದ್ದವು. ಕ್ರೈಸ್ತರ ಸಂಖ್ಯೆ ಹೆಚ್ಚಿದ್ದ ಈ ಭಾಗಕ್ಕೆ ಶಾಲೆ, ಸರ್ಕಾರಿ ನೌಕರಿ ಮೊದಲೇ ತಲುಪಿದ್ದವು. ಪೆಡ್ನೆ, ಡಿಚೋಲಿ, ಸತ್ತರಿ, ಫೋಂಡಾ, ಸಾಂಗೆ, ಕೇಪೆ, ಕಾಣಕೋಣದಂತಹ ಪ್ರದೇಶಗಳು ಪೋರ್ಚುಗೀಸರ ವಶವಾದದ್ದು 18ನೇ ಶತಮಾನದಲ್ಲಿ. ಹಿಂದೂಗಳೇ ಹೆಚ್ಚಿದ್ದ ಈ ತಾಲೂಕುಗಳು ಬಹುಕಾಲ ನಿರ್ಲಕ್ಷ್ಯಕ್ಕೆ ಒಳಗಾಗಿದ್ದವು. ಬಾಂದೋಡ್ಕರ್ ಅವರ ಬೇರು ಇದ್ದದ್ದು ಈ ಎರಡನೇ ಗೋವಾದಲ್ಲಿ.

1963ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಒಟ್ಟು 30 ಸ್ಥಾನಗಳಲ್ಲಿ ಗೋಮಂತಕ ಪಕ್ಷ 14, ಯುನೈಟೆಡ್ ಗೋವನ್ಸ್ ಪಕ್ಷ 12 ಗೆದ್ದವು. ದೇಶವನ್ನೇ ಆಳುತ್ತಿದ್ದ ಕಾಂಗ್ರೆಸ್ಸಿಗೆ ದಕ್ಕಿದ್ದು ದಮನ್‌ನ ಒಂದೇ ಸ್ಥಾನ. ಸ್ವತಃ ಸ್ಪರ್ಧಿಸಿರದ ಬಾಂದೋಡ್ಕರ್ ಅವರನ್ನು ಪಕ್ಷ ನಾಯಕರನ್ನಾಗಿ ಆರಿಸಿತು. 1963ರ ಡಿಸೆಂಬರ್ 20ರಂದು ಅವರು ಪ್ರಥಮ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಬಳಿಕ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆ ಪ್ರವೇಶಿಸಿದರು.

ಗೇಣಿ ಮತ್ತು ಶಾಲೆ

ಅಂದಿನ ಗೋವಾದ ಹಳ್ಳಿಯಲ್ಲಿ ಜಮೀನಿನ ಒಡೆಯನಿಗೆ ಭಾಟ್ಕಾರ್ ಎಂದೂ, ಆತನ ಜಾಗದಲ್ಲಿ ಮನೆ ಕಟ್ಟಿಕೊಂಡು ಇರುವವನಿಗೆ ಮುಂಡ್ಕಾರ್ ಎಂದೂ ಹೆಸರು. ಒಡೆಯ ಮುನಿದರೆ ಮುಂಡ್ಕಾರ್ ಮನೆಯನ್ನೇ ಕಳೆದುಕೊಳ್ಳಬೇಕಿತ್ತು. ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡದ ಚಾಲಗೇಣಿ ಒಕ್ಕಲುಗಳ ಪಾಡನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಾಂದೋಡ್ಕರ್ ಸರ್ಕಾರ ಜಾರಿಗೆ ತಂದ 1964ರ ಕೃಷಿ ಗೇಣಿ ಕಾಯ್ದೆ ಗೇಣಿದಾರನನ್ನು ಮನಬಂದಂತೆ ಒಕ್ಕಲೆಬ್ಬಿಸುವುದಕ್ಕೆ ತಡೆ ಹಾಕಿತು, ಗೇಣಿಗೂ ಮಿತಿ ಹೇರಿತು. ಗೇಣಿದಾರನಿಗೆ ಜಮೀನಿನ ಒಡೆತನವನ್ನೇ ನೀಡುವ ತಿದ್ದುಪಡಿ 1976ರಲ್ಲಿ, ಅವರ ಮಗಳ ಆಡಳಿತ ಕಾಲದಲ್ಲಿ ಬಂತು. ಮುಂಡ್ಕಾರರಿಗೆ ರಕ್ಷಣೆ ನೀಡುವ ಕಾಯ್ದೆ ಬಂದದ್ದೂ 1975ರಲ್ಲಿ. ಕರ್ನಾಟಕದಲ್ಲಿ ದೇವರಾಜ ಅರಸು ಅವರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದುದನ್ನು ಗಮನಿಸಿದರೆ, ಗೋವಾ ಗೇಣಿದಾರರ ರಕ್ಷಣೆಯ ಮೊದಲ ಹೆಜ್ಜೆಯನ್ನು ವಿಮೋಚನೆಯಾದ ಮೂರೇ ವರ್ಷಕ್ಕೆ ಇಟ್ಟಿತ್ತು ಎನ್ನಬಹುದು.

ಎರಡನೆಯ ದೊಡ್ಡ ಕೆಲಸ ಶಿಕ್ಷಣದ್ದು. ಹಳ್ಳಿಹಳ್ಳಿಗಳಲ್ಲಿ ಸರ್ಕಾರಿ ಮರಾಠಿ ಪ್ರಾಥಮಿಕ ಶಾಲೆಗಳು ತೆರೆದವು. ಎಷ್ಟೋ ಕುಟುಂಬಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ಈ ಶಾಲೆಗಳಿಂದ ಬಂತು. ಶಾಲೆಯ ಭಾಷೆ ಮರಾಠಿಯಾದದ್ದಕ್ಕೆ ಕೊಂಕಣಿ ಅಭಿಮಾನಿಗಳ ತೀವ್ರ ಆಕ್ಷೇಪವಿತ್ತು. ಕೊಂಕಣಿ ಸ್ವತಂತ್ರ ಭಾಷೆಯಲ್ಲ, ಮರಾಠಿಯ ಉಪಭಾಷೆ ಎಂಬುದು ವಿಲೀನವಾದಿಗಳ ನಿಲುವಾಗಿತ್ತು. ಅದನ್ನು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಸಾಹಿತ್ಯ ಅಕಾಡೆಮಿ ಮಾನ್ಯ ಮಾಡಿದ್ದು 1975ರಲ್ಲಿ.

ವಿಲೀನದ ಪ್ರಶ್ನೆ ಮತ್ತು ಮೈಸೂರು ರಾಜ್ಯ

ಚುನಾವಣೆ ಗೆದ್ದದ್ದೇ ವಿಲೀನಕ್ಕೆ ಜನರ ಒಪ್ಪಿಗೆ ಎಂದು ಗೋಮಂತಕ ಪಕ್ಷ ವಾದಿಸಿತು. ಮಹಾರಾಷ್ಟ್ರದ ನಾಯಕರು ಬೆಂಬಲಕ್ಕೆ ನಿಂತರು. ಅತ್ತ ಮೈಸೂರು ರಾಜ್ಯದಲ್ಲಿ ಎಸ್. ನಿಜಲಿಂಗಪ್ಪ ಅವರು ಮುಖ್ಯಮಂತ್ರಿಯಾಗಿದ್ದರು. ಬೆಳಗಾವಿ, ಕಾರವಾರ, ಸೂಪಾ, ಹಳಿಯಾಳದ ಮೇಲೆ ಮಹಾರಾಷ್ಟ್ರ ಹಕ್ಕು ಮಂಡಿಸುತ್ತಿದ್ದ ಕಾಲವದು. ಗೋವಾವೂ ಮಹಾರಾಷ್ಟ್ರಕ್ಕೆ ಸೇರಿದರೆ ಕಾರವಾರದ ಮೇಲಿನ ಒತ್ತಡ ಇನ್ನಷ್ಟು ಹೆಚ್ಚುತ್ತದೆ ಎಂಬ ಆತಂಕ ಇಲ್ಲಿಯವರಿಗೆ ಸಹಜವಾಗಿತ್ತು. ಗಡಿ ವಿವಾದದ ಕುರಿತ ಮಹಾಜನ್ ಆಯೋಗ ನೇಮಕವಾದದ್ದು 1966ರ ಅಕ್ಟೋಬರಿನಲ್ಲಿ. ಅಂದರೆ ಗೋವಾದ ಭವಿಷ್ಯ ಮತ್ತು ಬೆಳಗಾವಿಯ ಭವಿಷ್ಯ ಒಂದೇ ವೇಳೆಗೆ ತಕ್ಕಡಿಯಲ್ಲಿದ್ದವು.

ಸಾಮಾನ್ಯ ಚುನಾವಣೆಯಲ್ಲಿ ಹತ್ತಾರು ವಿಷಯ ಬೆರೆತಿರುತ್ತವೆ, ಈ ಒಂದು ಪ್ರಶ್ನೆಯನ್ನು ಪ್ರತ್ಯೇಕವಾಗಿ ಜನರ ಮುಂದಿಡಿ ಎಂದು ಡಾ. ಸಿಕ್ವೇರಾ ಪಟ್ಟು ಹಿಡಿದರು. ಕೊನೆಗೆ ಕೇಂದ್ರ ಸರ್ಕಾರ ಒಪ್ಪಿತು. 1966ರ ಡಿಸೆಂಬರಿನಲ್ಲಿ ಸಂಸತ್ತು ಜನಮತ ಕಾಯ್ದೆಯನ್ನು ಅಂಗೀಕರಿಸಿತು. ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ಬಾಂದೋಡ್ಕರ್ ಸರ್ಕಾರ ಅಧಿಕಾರ ಬಿಟ್ಟುಕೊಟ್ಟು, ರಾಷ್ಟ್ರಪತಿ ಆಳ್ವಿಕೆ ಬಂತು.

ಹೂವು ಮತ್ತು ಎರಡು ಎಲೆ

1967ರ ಜನವರಿ 16ರಂದು ಜನಮತ ನಡೆಯಿತು. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡು ಎಲೆಗಳ ಗುರುತು. ವಿಲೀನ ವಿರೋಧಿಗಳ ಪಾಳಯದಲ್ಲಿ ಕ್ರೈಸ್ತರಷ್ಟೇ ಇರಲಿಲ್ಲ. 'ರಾಷ್ಟ್ರಮತ' ಎಂಬ ಮರಾಠಿ ದಿನಪತ್ರಿಕೆಯೇ ವಿಲೀನದ ವಿರುದ್ಧ ಬರೆಯಿತು. ಅದರಲ್ಲಿ ಉದಯ ಭೆಂಬ್ರೆ ಅವರ ಅಂಕಣ ಮನೆಮಾತಾಯಿತು. ಉಲ್ಹಾಸ್ ಬುಯಾಂವ್ ಅವರ ಕೊಂಕಣಿ ಹಾಡುಗಳು ಊರೂರು ಸುತ್ತಿದವು.

ಗೋವಾದ 3,88,432 ಮತದಾರರಲ್ಲಿ 3,17,633 ಮಂದಿ ಮತ ಚಲಾಯಿಸಿದರು. ಎರಡು ಎಲೆಗಳಿಗೆ 1,72,191, ಹೂವಿಗೆ 1,38,170 ಮತಗಳು ಬಂದವು. 34,021 ಮತಗಳ ಅಂತರದಲ್ಲಿ ವಿಲೀನ ಬಿದ್ದುಹೋಯಿತು. ಸ್ವತಂತ್ರ ಭಾರತದಲ್ಲಿ ಒಂದು ಪ್ರದೇಶ ನೆರೆಯ ರಾಜ್ಯದಲ್ಲಿ ಸೇರಬೇಕೇ ಬೇಡವೇ ಎಂಬುದನ್ನು ಜನರ ಮತದಿಂದಲೇ ತೀರ್ಮಾನಿಸಿದ ಈ ಘಟನೆ ಅಪರೂಪದ್ದು. ಗೋವಾದಲ್ಲಿ ಜನವರಿ 16ನ್ನು 'ಅಸ್ಮಿತಾಯ್ ದೀಸ್' ಎಂದು ಆಚರಿಸಲಾಗುತ್ತದೆ.

71 ದಿನಗಳ ನಂತರ

ಬಾಂದೋಡ್ಕರ್ ಅವರ ರಾಜಕೀಯ ಇಲ್ಲಿಗೆ ಮುಗಿಯಿತು ಎಂದು ಯಾರಾದರೂ ಭಾವಿಸಿದ್ದರೆ ಅದು ಸಹಜವೇ. ಆದರೆ ಜನಮತದ 71 ದಿನಗಳ ನಂತರ, ಮಾರ್ಚ್ 28ರಂದು ನಡೆದ ವಿಧಾನಸಭಾ ಚುನಾವಣೆಯಲ್ಲಿ ಗೋಮಂತಕ ಪಕ್ಷ 16 ಸ್ಥಾನ ಗೆದ್ದಿತು. ವಿಲೀನವನ್ನು ಸೋಲಿಸಿದ್ದ ಯುನೈಟೆಡ್ ಗೋವನ್ಸ್ ಪಕ್ಷ 12ರಲ್ಲೇ ನಿಂತಿತು. ಏಪ್ರಿಲ್ 5ರಂದು ಬಾಂದೋಡ್ಕರ್ ಮತ್ತೆ ಮುಖ್ಯಮಂತ್ರಿಯಾದರು.

ಈ ಫಲಿತಾಂಶ ಹೇಳುವ ಮಾತು ಸ್ಪಷ್ಟವಾಗಿದೆ. ಅವರಿಗೆ ಮತ ನೀಡಿದವರೆಲ್ಲ ಮಹಾರಾಷ್ಟ್ರವನ್ನು ಬಯಸಿದವರಲ್ಲ. ಮನೆ ಬಿಟ್ಟು ಎದ್ದೇಳಬೇಕಾದ ಭಯ ತಪ್ಪಿದವರು, ಮಕ್ಕಳನ್ನು ಮೊದಲ ಬಾರಿಗೆ ಶಾಲೆಗೆ ಕಳುಹಿಸಿದವರು ಅವರ ನಿಜವಾದ ಬಲವಾಗಿದ್ದರು. ಇಂತಹ ಮತದಾರ ಗೋವಾವನ್ನೂ ಉಳಿಸಿಕೊಂಡ, ಭಾವೂಸಾಹೇಬರನ್ನೂ ಉಳಿಸಿಕೊಂಡ. ಬಾಂದೋಡ್ಕರ್ ಅವರೂ ತೀರ್ಪಿಗೆ ತಲೆಬಾಗಿ, ಪ್ರತ್ಯೇಕವಾಗಿ ಉಳಿದ ಗೋವಾದ ಆಡಳಿತವನ್ನೇ ಮುಂದುವರಿಸಿದರು. ಗೋವಾ ಇಂಜಿನಿಯರಿಂಗ್ ಕಾಲೇಜು 1967ರಲ್ಲಿ, ಕಲಾ ಅಕಾಡೆಮಿ 1970ರಲ್ಲಿ ಅವರ ಕಾಲದಲ್ಲೇ ಆರಂಭವಾದವು.

ಎಲ್ಲವೂ ಸುಗಮವಾಗಿರಲಿಲ್ಲ. ಪಕ್ಷ ಒಬ್ಬ ವ್ಯಕ್ತಿಯ ಸುತ್ತಲೇ ಸುತ್ತುತ್ತಿದೆ ಎಂಬ ಅಸಮಾಧಾನ ಒಳಗೇ ಬೆಳೆಯಿತು. 1970ರಲ್ಲಿ ಕೆಲವು ಶಾಸಕರು ಬಂಡಾಯವೆದ್ದರೂ ಸರ್ಕಾರ ಉಳಿಯಿತು. 1972ರ ಚುನಾವಣೆಯಲ್ಲಿ ಪಕ್ಷದ ಬಲ 18ಕ್ಕೆ ಏರಿತು. ಮರುವರ್ಷ, 1973ರ ಆಗಸ್ಟ್ 12ರಂದು, ಅಧಿಕಾರದಲ್ಲಿದ್ದಾಗಲೇ ಬಾಂದೋಡ್ಕರ್ ನಿಧನರಾದರು. ಅವರಿಗೆ 62 ವರ್ಷ ವಯಸ್ಸಾಗಿತ್ತು. ಪುತ್ರಿ ಶಶಿಕಲಾ ಕಾಕೋಡ್ಕರ್ ಮುಖ್ಯಮಂತ್ರಿಯಾಗಿ 1979ರವರೆಗೆ ಆಡಳಿತ ನಡೆಸಿದರು.

ಗಣಿ ಮತ್ತು ಗದ್ದುಗೆ

1980ರ ಚುನಾವಣೆಯಲ್ಲಿ ಗೋಮಂತಕ ಪಕ್ಷ 7 ಸ್ಥಾನಕ್ಕೆ ಕುಸಿಯಿತು. ಮುಂದೆ ಅದು ಸ್ವಂತ ಬಲದಿಂದ ಅಧಿಕಾರಕ್ಕೆ ಬರಲಿಲ್ಲ. 1987ರ ಮೇ 30ರಂದು ಗೋವಾ ಪೂರ್ಣ ರಾಜ್ಯವಾಯಿತು. 2022ರ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು 2 ಸ್ಥಾನ ಮಾತ್ರ.

ಉದ್ಯಮಿಗಳು ರಾಜಕೀಯಕ್ಕೆ ಬರುವುದು ಗೋವಾದಲ್ಲಿ ನಿಲ್ಲಲಿಲ್ಲ. ಗಣಿ ಉದ್ಯಮಿ ಅನಿಲ್ ಸಾಳಗಾಂವಕರ್ 2007ರಲ್ಲಿ ಪಕ್ಷೇತರರಾಗಿ ಶಾಸಕರಾದರು. 2024ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಗೋವಾದಿಂದ ಸ್ಪರ್ಧಿಸಿದ ಉದ್ಯಮಿ ಪಲ್ಲವಿ ಡೆಂಪೊ ಸೋತರು. ಗಣಿ ಮಾಲೀಕರೇ ಸರ್ಕಾರವಾದರೆ ಗಣಿಗೆ ಕಡಿವಾಣ ಹಾಕುವವರು ಯಾರು ಎಂಬ ಪ್ರಶ್ನೆ ಬಳ್ಳಾರಿಯನ್ನು ಕಂಡ ಕನ್ನಡಿಗರಿಗೆ ಹೊಸದಲ್ಲ. ಗೋವಾದಲ್ಲಿ ಪೋರ್ಚುಗೀಸರು ಕೊಟ್ಟ ಗಣಿ ಹಕ್ಕುಗಳನ್ನು ರದ್ದುಪಡಿಸಿ ಗುತ್ತಿಗೆಯಾಗಿ ಬದಲಿಸುವ ಕಾಯ್ದೆ ಬಂದದ್ದು 1987ರಲ್ಲಿ. ಶಾ ಆಯೋಗದ ವರದಿಯ ಬಳಿಕ 2012ರಲ್ಲಿ ಗಣಿಗಾರಿಕೆ ಸ್ಥಗಿತವಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದುಗೊಳಿಸಿತು.

ಹಣವಿದ್ದವರು ಚುನಾವಣೆಗೆ ನಿಲ್ಲುವುದು ಇಂದು ಸುದ್ದಿಯೇ ಅಲ್ಲ. ಹಣ ಬಾಗಿಲು ತೆರೆಯಬಹುದು, ಆದರೆ ಮೂರು ಚುನಾವಣೆ ಗೆಲ್ಲಿಸಲು ಅದಷ್ಟೇ ಸಾಲದು ಎಂಬುದಕ್ಕೆ ಬಾಂದೋಡ್ಕರ್ ಉದಾಹರಣೆ. ಅವರು ಬಯಸಿದ ವಿಲೀನ ಆಗಲಿಲ್ಲ. ಅವರು ತಂದ ಗೇಣಿ ಕಾಯ್ದೆ ಮತ್ತು ತೆರೆದ ಶಾಲೆಗಳು ಉಳಿದವು. ವಿಲೀನವನ್ನು ವಿರೋಧಿಸಿದವರ ಮಕ್ಕಳೂ ಇಂದು ಭಾವೂಸಾಹೇಬರ ಹೆಸರನ್ನು ಗೌರವದಿಂದ ಹೇಳುವುದಕ್ಕೆ ಅದೇ ಕಾರಣ.

ಪ್ರಮುಖ ದಿನಾಂಕಗಳು

ಜನನ: 1911 ಮಾರ್ಚ್ 12, ಪೆಡ್ನೆ
ಮೊದಲ ಬಾರಿ ಮುಖ್ಯಮಂತ್ರಿ: 1963 ಡಿಸೆಂಬರ್ 20
ಕೃಷಿ ಗೇಣಿ ಕಾಯ್ದೆ: 1964
ಜನಮತ: 1967 ಜನವರಿ 16
ಮತ್ತೆ ಮುಖ್ಯಮಂತ್ರಿ: 1967 ಏಪ್ರಿಲ್ 5
ಮೂರನೇ ಚುನಾವಣಾ ಗೆಲುವು: 1972
ನಿಧನ: 1973 ಆಗಸ್ಟ್ 12